ಏರಿಳಿತಕ್ಕೊಂದು ಅಳತೆಗೋಲು



ಷೇರುಪೇಟೆಯಲ್ಲಿ ಹಣ ತೊಡಗಿಸಿದವರನ್ನು ‘ಎಷ್ಟು ಬಂತು?’ ಎಂದು ಎಲ್ಲರೂ ಕೇಳುತ್ತಾರೆ. ಅಷ್ಟು ಬರುವವರೆಗೆ ಎಷ್ಟು ರಾತ್ರಿ ನಿದ್ದೆ ಕೆಟ್ಟಿತು ಎಂದು ಕೇಳುವವರು ಕಡಿಮೆ. ಆ ನಿದ್ದೆಗೇಡಿಗೂ ಲೆಕ್ಕವಿಡಬಹುದೆಂದು ತೋರಿಸಿಕೊಟ್ಟವರು ಅಮೆರಿಕದ ಹ್ಯಾರಿ ಮಾರ್ಕೊವಿಟ್ಜ್. 1952ರಲ್ಲಿ ‘ಜರ್ನಲ್ ಆಫ್ ಫೈನಾನ್ಸ್’ ಪತ್ರಿಕೆಯಲ್ಲಿ ಅವರ ಲೇಖನ ಅಚ್ಚಾದಾಗ ಅವರಿಗಿನ್ನೂ 24 ವರ್ಷ.

ಷಿಕಾಗೊ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಓದುತ್ತಿದ್ದಾಗ ಅವರನ್ನು ಕಾಡಿದ್ದು ಸರಳವಾದ ಪ್ರಶ್ನೆ. ಪ್ರತಿಫಲವೊಂದೇ ಮುಖ್ಯವಾದರೆ ಇದ್ದುದನ್ನೆಲ್ಲ ಅತ್ಯುತ್ತಮವಾದ ಒಂದೇ ಷೇರಿಗೆ ಸುರಿಯಬೇಕಲ್ಲ? ಜನ ಹಾಗೇಕೆ ಮಾಡುವುದಿಲ್ಲ?

ಸರಾಸರಿ ಎಂಬುದು ಮೋಸಗಾರ. ಒಂದು ಲಕ್ಷ ರೂಪಾಯಿ ಮೊದಲ ವರ್ಷ ಶೇ. 50 ಏರಿ, ಮರುವರ್ಷ ಶೇ. 50 ಇಳಿದರೆ ಸರಾಸರಿ ಸೊನ್ನೆ. ಆದರೆ ಕೈಯಲ್ಲಿ ಉಳಿಯುವುದು 75 ಸಾವಿರ. ಆದ್ದರಿಂದ ಪ್ರತಿಫಲ ಸರಾಸರಿಯಿಂದ ಎಷ್ಟು ದೂರ ಹೊಯ್ದಾಡುತ್ತದೆ ಎಂಬುದನ್ನೂ ಅಳೆಯಬೇಕು. ಸಂಖ್ಯಾಶಾಸ್ತ್ರದವರು ಇದನ್ನು ಮಾನಕ ವಿಚಲನೆ ಎನ್ನುತ್ತಾರೆ.

ಮಾರ್ಕೊವಿಟ್ಜ್ ಅವರ ನಿಜವಾದ ಚಮತ್ಕಾರ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಸರಾಸರಿ ಪ್ರತಿಫಲ ಒಂದೇ ಆಗಿರುವ ಎರಡು ಷೇರುಗಳಿವೆ, ಎರಡರ ವಿಚಲನೆಯೂ ಶೇ. 20 ಎಂದಿಟ್ಟುಕೊಳ್ಳಿ. ಹಣವನ್ನು ಸಮನಾಗಿ ಹಂಚಿದ್ದೀರಿ. ಎರಡೂ ಕೈಕೈ ಹಿಡಿದು ಏರಿಳಿಯುತ್ತಿದ್ದರೆ ಒಟ್ಟು ವಿಚಲನೆ 20 ಆಗಿಯೇ ಉಳಿಯುತ್ತದೆ. ಒಂದರ ಗೊಡವೆ ಇನ್ನೊಂದಕ್ಕಿಲ್ಲದಿದ್ದರೆ ಸುಮಾರು 14ಕ್ಕೆ ಇಳಿಯುತ್ತದೆ. ಒಂದು ಏರಿದಷ್ಟೇ ಇನ್ನೊಂದು ತಪ್ಪದೆ ಇಳಿದರೆ ಸೊನ್ನೆ! ಸರಾಸರಿ ಪ್ರತಿಫಲದಲ್ಲಿ ಮಾತ್ರ ಕಾಸೂ ಕಡಿಮೆಯಾಗುವುದಿಲ್ಲ. ಅಂದರೆ ಕೊಂಡ ಷೇರುಗಳೆಷ್ಟು ಎಂಬುದಕ್ಕಿಂತ ಅವುಗಳ ನಂಟಸ್ತಿಕೆ ಎಂಥದು ಎಂಬುದು ಮುಖ್ಯ. 60 ರೈಲ್ವೆ ಕಂಪೆನಿಗಳ ಷೇರು ಕೊಂಡವನು ಅಪಾಯವನ್ನು ಚೆನ್ನಾಗಿ ಹಂಚಿದಂತಲ್ಲ ಎಂದು ಆ ಲೇಖನದಲ್ಲೇ ಅವರು ಹೇಳಿದ್ದರು.

1966ರಲ್ಲಿ ವಿಲಿಯಂ ಶಾರ್ಪ್ ಎರಡನ್ನೂ ಒಂದೇ ಅಂಕಿಗೆ ತಂದರು. ಅಪಾಯವಿಲ್ಲದ ಸರ್ಕಾರಿ ಸಾಲಪತ್ರ ಕೊಡುವ ಬಡ್ಡಿಯನ್ನು ಪ್ರತಿಫಲದಿಂದ ಕಳೆಯಿರಿ; ಉಳಿದುದನ್ನು ವಿಚಲನೆಯಿಂದ ಭಾಗಿಸಿ. ಬಡ್ಡಿ 6 ಇದ್ದಾಗ, 20 ವಿಚಲನೆಯಲ್ಲಿ 14 ಗಳಿಸಿದ ನಿಧಿಗೆ ಸಿಗುವುದು 0.4. ಹತ್ತೇ ವಿಚಲನೆಯಲ್ಲಿ 11 ಗಳಿಸಿದ್ದಕ್ಕೆ 0.5. ಕಡಿಮೆ ಗಳಿಸಿದ ನಿಧಿಯೇ ಗೆದ್ದಿತು.

ಈ ಅಳತೆಗೋಲಿನಲ್ಲಿ ಒಂದು ಸೊಟ್ಟವೂ ಇದೆ. ನಿರೀಕ್ಷೆ ಮೀರಿ ಲಾಭ ಬಂದರೂ ಅದು ಅಪಾಯದ ಖಾತೆಗೇ ಬೀಳುತ್ತದೆ; ಖುಷಿಯಿಂದ ನಿದ್ದೆ ಬಾರದವನೂ ರೋಗಿಯೇ! ಇಳಿತವನ್ನಷ್ಟೇ ಎಣಿಸುವ ಇನ್ನೊಂದು ಅಳತೆಯನ್ನು 1959ರ ತಮ್ಮ ಪುಸ್ತಕದಲ್ಲಿ ಮಾರ್ಕೊವಿಟ್ಜ್ ಅವರೇ ಚರ್ಚಿಸಿದ್ದರು. ಆದರೆ ಅಂದಿನ ಕಂಪ್ಯೂಟರುಗಳಿಗೆ ಆ ಲೆಕ್ಕ ಹೆಚ್ಚು ಭಾರವಾಗಿತ್ತು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 1998ರಲ್ಲಿ. ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ಅಮೆರಿಕದ ನಿಧಿಯ ಪಾಲುದಾರರಲ್ಲಿ ಹಿಂದಿನ ವರ್ಷವಷ್ಟೇ ನೊಬೆಲ್ ಪಡೆದ ಇಬ್ಬರಿದ್ದರು. ನಾನಾ ದೇಶಗಳ ಪೇಟೆಗಳಲ್ಲಿ ನಿಧಿಯ ಹಣ ಹಂಚಿಹೋಗಿತ್ತು. ಆಗಸ್ಟ್‌ನಲ್ಲಿ ರಷ್ಯಾ ತನ್ನ ಸಾಲ ತೀರಿಸಲಾರೆನೆಂದಾಗ ಎಲ್ಲೆಡೆ ಒಟ್ಟಿಗೇ ಗಾಬರಿ ಎದ್ದಿತು. ಸಂಬಂಧವೇ ಇಲ್ಲ ಎಂದುಕೊಂಡವೆಲ್ಲ ಕೈಕೈ ಹಿಡಿದು ಇಳಿದವು. ಸಾಲದ ಹೊರೆಯೂ ಸೇರಿ, ಕೊನೆಗೆ 14 ಹಣಕಾಸು ಸಂಸ್ಥೆಗಳು 360 ಕೋಟಿ ಡಾಲರ್ ಹಾಕಿ ಅದನ್ನು ಎತ್ತಬೇಕಾಯಿತು.

ಮಾರ್ಕೊವಿಟ್ಜ್ ಮತ್ತು ಶಾರ್ಪ್ ಅವರಿಗೆ 1990ರಲ್ಲಿ ಮರ್ಟನ್ ಮಿಲ್ಲರ್ ಜೊತೆ ನೊಬೆಲ್ ಬಂತು. 2023ರಲ್ಲಿ ತೀರಿಕೊಂಡ ಮಾರ್ಕೊವಿಟ್ಜ್, ಯೌವನದಲ್ಲಿ ತಮ್ಮ ನಿವೃತ್ತಿಯ ಹಣವನ್ನು ಹೂಡುವಾಗ ಯಾವ ಸೂತ್ರ ಬಳಸಿದ್ದರು ಗೊತ್ತೇ? ಅರ್ಧ ಷೇರಿಗೆ, ಅರ್ಧ ಸಾಲಪತ್ರಕ್ಕೆ. ಪೇಟೆ ಏರಿದರೂ ಇಳಿದರೂ ಆಮೇಲೆ ಹೆಚ್ಚು ಪರಿತಪಿಸಬಾರದೆಂದು ಹಾಗೆ ಮಾಡಿದೆ ಎಂದು ಅವರೇ ಹೇಳಿಕೊಂಡಿದ್ದರು.