ಕಿಟಕಿಯ ಕಟ್ಟೆಯ ಮೇಲೊಂದು ಮದ್ದಿನ ತೋಟ

(ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಿಮಗೆಲ್ಲ ಗೊತ್ತು. ಈಗ ಹಿತ್ತಲೇ ಇಲ್ಲದ ಮನೆಗಳು ಬಹಳ. ಹಿತ್ತಲಿದ್ದರೆ ಬೇಸಿಗೆಯಲ್ಲಿ ನೀರಿಲ್ಲ. ನೀರಿದ್ದರೆ ಕೋಳಿ ಕೆದಕುತ್ತದೆ, ಕರು ಮೇಯುತ್ತದೆ. ಆದುದರಿಂದ ಇಂದು ಹಿತ್ತಲನ್ನು ಬಿಟ್ಟು ನಿಮ್ಮ ಮನೆಯ ಕಿಟಕಿಯ ಬಗ್ಗೆ ಮಾತನಾಡುತ್ತೇನೆ.

ಹಸುವಿಗೂ ಕಿಟಕಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಕೆಚ್ಚಲು ಬಾವಿನದು. ಬೆಳಿಗ್ಗೆ ಕರೆಯುವಾಗ ಒಂದು ಮೊಲೆಯ ಹಾಲು ಒಡೆದಂತೆ ಬರುತ್ತದೆ, ಕೆಚ್ಚಲು ಬಿಸಿಯಾಗಿರುತ್ತದೆ. ‘ಸಂಜೆ ನೋಡೋಣ’ ಎನ್ನುತ್ತೇವೆ. ಸಂಜೆಗೆ ಕೆಚ್ಚಲು ಕಲ್ಲಾಗಿರುತ್ತದೆ. ತಡವಾದರೆ ಆ ಮೊಲೆ ಶಾಶ್ವತವಾಗಿ ಬತ್ತಿಹೋಗಬಹುದು. ಈ ರೋಗದಲ್ಲಿ ಮೊದಲ ದಿನವೇ ಮುಖ್ಯ.

ಆರಂಭದ ಬಾವಿಗೆ ಒಂದು ಮನೆಮದ್ದಿದೆ. ತಮಿಳುನಾಡಿನ ಪಶುವೈದ್ಯ ಪ್ರಾಧ್ಯಾಪಕ ಡಾ. ಎನ್. ಪುಣ್ಯಮೂರ್ತಿಯವರು ರೂಪಿಸಿದ ಇದನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೂ ಪ್ರಚಾರ ಮಾಡುತ್ತಿದೆ. ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಎಲೆಗೆ ಹಚ್ಚುವ ಸುಣ್ಣ 15 ಗ್ರಾಂ. ಇವನ್ನು ಸೇರಿಸಿ ನುಣ್ಣಗೆ ರುಬ್ಬಿ. ಆರತಿಯ ಓಕುಳಿಯಂತೆ ಕೆಂಪಾದರೆ ಹದ ಸರಿ. ಬಾವು ಬಂದ ಮೊಲೆಯ ಹಾಲನ್ನು ಪೂರ್ತಿ ಹಿಂಡಿ ತೆಗೆದು ಕೆಚ್ಚಲು ತೊಳೆಯಿರಿ. ಒಂದು ಹಿಡಿ ಮುದ್ದೆಯನ್ನು 150ರಿಂದ 200 ಮಿ.ಲೀ. ನೀರಿನಲ್ಲಿ ಕಲಸಿ ಇಡೀ ಕೆಚ್ಚಲಿಗೆ ಹಚ್ಚಿ. ಹೀಗೆ ದಿನಕ್ಕೆ ಸುಮಾರು 10 ಸಲ, ಕನಿಷ್ಠ 5 ದಿನ. ಪ್ರತಿದಿನ ಹೊಸದಾಗಿ ರುಬ್ಬಬೇಕು.

ಅರಿಶಿನ, ಸುಣ್ಣ ಮನೆಯಲ್ಲಿರುತ್ತವೆ. ಇಲ್ಲದ್ದು ಲೋಳೆಸರ. ಅದನ್ನು ಹುಡುಕುವುದರಲ್ಲೇ ಮೊದಲ ದಿನ ಕಳೆಯುತ್ತದೆ. ಆದ್ದರಿಂದ ಅದು ಕೈಗೆಟುಕುವಲ್ಲಿ, ಕಿಟಕಿಯಲ್ಲೇ ಇರಲಿ.

ಬೆಳೆಸುವುದು ಕಷ್ಟವಲ್ಲ. 5 ಲೀಟರಿನ ಎಣ್ಣೆ ಡಬ್ಬ ಸಾಕು. ಕೀಟನಾಶಕದ ಡಬ್ಬ ಮಾತ್ರ ಬೇಡವೇ ಬೇಡ. ತಳಕ್ಕೆ ಮೊಳೆಯಿಂದ ನಾಲ್ಕು ತೂತು ಮಾಡಿ, ಹೆಂಚಿನ ಚೂರು ಹಾಕಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ತುಂಬಿ. ಹಸಿ ಸಗಣಿ ಬೇರನ್ನು ಸುಡುತ್ತದೆ, ಮನೆಯೊಳಗೆ ನೊಣ ಕರೆಯುತ್ತದೆ. ಲೋಳೆಸರಕ್ಕೆ ಮರಳು ಇನ್ನಷ್ಟಿರಲಿ. ಬುಡದ ಮರಿಯನ್ನು ಬಿಡಿಸಿ, ಗಾಯ ಒಣಗಲು ಎರಡು ದಿನ ನೆರಳಲ್ಲಿಟ್ಟು ನೆಡಿ.

ಬೆಳಗಿನ ಬಿಸಿಲು ಬರುವ ಪೂರ್ವದ ಕಿಟಕಿ ಒಳ್ಳೆಯದು. ಗಿಡ ಬೆಳಕಿನ ಕಡೆಗೇ ವಾಲುತ್ತದೆ. ವಾರಕ್ಕೊಮ್ಮೆ ಡಬ್ಬವನ್ನು ತಿರುಗಿಸಿ. ಬೆರಳು ಚುಚ್ಚಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು. ಲೋಳೆಸರ ನೀರಿಲ್ಲದೆ ಸಾಯುವುದು ಅಪರೂಪ, ನೀರು ಹೆಚ್ಚಾಗಿ ಕೊಳೆಯುವುದೇ ಜಾಸ್ತಿ. ಕೆಳಗಿಟ್ಟ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ. ಡೆಂಗಿ ಹರಡುವ ಸೊಳ್ಳೆ ಅಲ್ಲೇ ಮೊಟ್ಟೆಯಿಡುತ್ತದೆ.

ಪಕ್ಕದಲ್ಲಿ ಒಂದು ತುಳಸಿ, ಒಂದು ದೊಡ್ಡಪತ್ರೆ ಇರಲಿ. ತುಳಸಿಗೆ ಹೆಚ್ಚು ಬಿಸಿಲಿರುವ ಜಾಗ ಕೊಡಿ. ಗಾಯಕ್ಕೆ ಹಚ್ಚುವ ಎಣ್ಣೆಗೆ ಬೇವು, ಕುಪ್ಪಿಗಿಡ, ಗೋರಂಟಿಗಳ ಜೊತೆ ತುಳಸಿಯೂ ಬೇಕು. ದೊಡ್ಡಪತ್ರೆಯ ಒಂದು ಗೆಣ್ಣು ಚುಚ್ಚಿದರೆ ಬೇರು ಬಿಡುತ್ತದೆ. ಅದು ಹಸುವಿಗಲ್ಲ, ನಿಮ್ಮ ತಂಬುಳಿಗೆ.

ಈಗ ಒಂದು ಲೆಕ್ಕ. ದಿನಕ್ಕೆ 250 ಗ್ರಾಂನಂತೆ 5 ದಿನಕ್ಕೆ ಒಂದೂಕಾಲು ಕಿಲೋ ಲೋಳೆಸರ ಬೇಕು. ಒಬ್ಬರ ಕಿಟಕಿಯಿಂದ ಅಷ್ಟು ಸಿಗದು. ಎರಡು ಮೂರು ಬಲಿತ ಗಿಡಗಳಿದ್ದರೆ ಮೊದಲ ದಿನಕ್ಕೆ ಸಾಕಾಗುತ್ತದೆ. ಉಳಿದದ್ದು ನೆರೆಯವರ ಕಿಟಕಿಯಿಂದ ಬರಬೇಕು. ಒಬ್ಬರ ಎರಡು ಲೀಟರ್ ಹಾಲಿನಿಂದ ಕ್ಯಾನ್ ತುಂಬುವುದಿಲ್ಲ, ಎಲ್ಲರೂ ಹಾಕಿದರೆ ತುಂಬುತ್ತದೆ. ನಮ್ಮ ಸಂಘ ನಿಂತಿರುವುದೇ ಹಾಗೆ. ಪ್ರತಿ ಸದಸ್ಯರ ಮನೆಯಲ್ಲಿ ಎರಡು ಡಬ್ಬ ಲೋಳೆಸರವಿದ್ದರೆ ಊರಿನ ಯಾವ ಹಸುವಿಗೂ ಮದ್ದಿಗೆ ಕೊರತೆಯಿಲ್ಲ. ಮರಿ ಬಂದಾಗ ಪಕ್ಕದ ಮನೆಗೆ ಕೊಡಿ.

ಕೊನೆಯದಾಗಿ ಎಚ್ಚರಿಕೆಯ ಮಾತು. ಹಸುವಿಗೆ ಜ್ವರ ಬಂದರೆ, ಮೇವು ಬಿಟ್ಟರೆ, ಹಾಲಿನಲ್ಲಿ ರಕ್ತ ಅಥವಾ ಕೀವು ಕಂಡರೆ, ಕೆಚ್ಚಲು ತಣ್ಣಗಾಗಿ ನೀಲಿಗಟ್ಟಿದರೆ ರುಬ್ಬುತ್ತ ಕೂರಬೇಡಿ. ಕೂಡಲೇ ವೈದ್ಯರನ್ನು ಕರೆಯಿರಿ. ಮದ್ದು ಹಚ್ಚಿ ಎರಡು ದಿನವಾದರೂ ಇಳಿಯದಿದ್ದರೂ ಹಾಗೆಯೇ. ಬಾವು ಬಂದ ಮೊಲೆಯ ಹಾಲು ಡೈರಿಗೂ ಬೇಡ, ಕರುವಿಗೂ ಬೇಡ. ನೆಲಕ್ಕೆ ಹಿಂಡದೆ ಪಾತ್ರೆಗೆ ತೆಗೆದು ದೂರ ಚೆಲ್ಲಿ. ಆಂಟಿಬಯೋಟಿಕ್ ಚುಚ್ಚುಮದ್ದು ಕೊಟ್ಟಿದ್ದರೆ ವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಯಾವ ಹಾಲನ್ನೂ ಹಾಕಬೇಡಿ. ಆ ಹಾಲು ಹೆಪ್ಪುಗಟ್ಟದೆ ಹೋಗಬಹುದು. ಅದನ್ನು ಕುಡಿಯುವವರಲ್ಲಿ ಎಳೆಯ ಮಕ್ಕಳೂ ಇದ್ದಾರೆ.

ನಾಳೆ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ಒಂದು ಡಬ್ಬಕ್ಕೆ ಮಣ್ಣು ತುಂಬಿ. ಹಸು ಚೆನ್ನಾಗಿರುವಾಗಲೇ ಗಿಡ ನೆಡಬೇಕು.