ಒಂದು ಸುಳ್ಳು ಪತ್ರ, ಒಂದೇ ಮಿನಾರು
ರೀಲ್ಸ್‌ನಲ್ಲಿ ಯುರೋಪಿನ ಕೋಟೆ ನೋಡಿ ಲೈಕ್ ಒತ್ತೋ ಗೆಳೆಯರೇ, ಈ ಭಾನುವಾರ ಮನೆಮಂದಿನೆಲ್ಲ ಕಾರು ಹತ್ತಿಸ್ರಿ. ಔರಾದ್‌ನ ಅಮರೇಶ್ವರನಿಗೆ ಕೈಮುಗಿದು, ಭಾಲ್ಕಿ ಕೋಟೆ ನೋಡಿ, ಬೀದರ್‌ಗೆ ಬರ್ರಿ.

ಕೋಟೆಗಿಂತ ಮೊದಲು ಊರೊಳಗಿನ ಮದರಸಾ ಮುಂದೆ ನಿಲ್ರಿ. ಇರಾನಿನ ಗೀಲಾನ್‌ನಿಂದ ಬಂದು ಬಹಮನಿ ಪ್ರಧಾನಿಯಾದ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ್ದು. ಎರಡು ಮಿನಾರುಗಳಲ್ಲಿ ಈಗ ಉಳಿದದ್ದು ಒಂದೇ.

ವೈರಿಗಳು ಗಾವಾನ್‌ನ ಮುದ್ರೆ ಇರೋ ಸುಳ್ಳು ಪತ್ರ ಸೃಷ್ಟಿಸಿದರು. ಅದು ನಿಜವೋ ಸುಳ್ಳೋ ಅಂತ ಸುಲ್ತಾನ ವಿಚಾರಿಸಲೇ ಇಲ್ಲ. 1481ರಲ್ಲಿ ಅವನ ತಲೆ ತೆಗೆಸಿದ. ಆಮೇಲೆ ರಾಜ್ಯವೇ ಒಡೆದು ಐದು ಹೋಳಾಯಿತು.

ಈ ಕತೆ ಅಲ್ಲೇ ನಿಂತು ಮನೆಯವರಿಗೆಲ್ಲ ಹೇಳ್ರಿ. ಫ್ಯಾಮಿಲಿ ಗ್ರೂಪಿಗೆ ಬಂದದ್ದನ್ನ ಫಾರ್ವರ್ಡ್ ಮಾಡೋ ಮುಂಚೆ ನಾವೂ ಒಮ್ಮೆ ವಿಚಾರಿಸೋಣ. ಬರ್ತೀನ್ರಿ.