ಮನೆಯ ನಾಯಿ, ಉಣ್ಣೆ, ಚಿಗಟ ಮತ್ತು ನಮ್ಮ ಸಂಸಾರ

(ಗ್ರಾಮದ ಆರೋಗ್ಯ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಇಂದಿನ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಮನುಷ್ಯರಿಗೆ ಔಷಧಿ ಕೊಡುವ ವೈದ್ಯನು ನಾಯಿಯ ಮೈಮೇಲಿನ ಉಣ್ಣೆಯ ವಿಚಾರವನ್ನು ಏಕೆ ಎತ್ತಬೇಕು ಎಂದು ನೀವು ಕೇಳಬಹುದು. ಅದಕ್ಕೆ ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ನಾನಿದ್ದ ಆರೋಗ್ಯ ಕೇಂದ್ರಕ್ಕೆ ಯುವ ದಂಪತಿಗಳು ತಮ್ಮ ನಾಲ್ಕು ವರ್ಷದ ಮಗುವನ್ನು ಎತ್ತಿಕೊಂಡು ಓಡಿಬಂದರು. ಮಗುವಿನ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಮೈಯೆಲ್ಲ ಬೆವರಿತ್ತು. ಕಣ್ಣಿನ ಪಾಪೆಗಳು ಸಾಸಿವೆ ಕಾಳಿನಷ್ಟು ಕಿರಿದಾಗಿದ್ದವು. ಇವು ಕೀಟನಾಶಕದ ವಿಷವೇರಿದ ಲಕ್ಷಣಗಳು. ಮಗು ಏನನ್ನೂ ಕುಡಿದಿಲ್ಲವೆಂದು ತಾಯಿ ಅಳುತ್ತ ಹೇಳಿದರು. ವಿಚಾರಿಸಿದಾಗ ಸಂಗತಿ ತಿಳಿಯಿತು. ಬೆಳೆಗೆ ಹೊಡೆದು ಮಿಕ್ಕಿದ್ದ ಔಷಧಿಯನ್ನು ತಂದೆಯು ಆ ಬೆಳಿಗ್ಗೆ ಬಟ್ಟೆಯಲ್ಲಿ ಅದ್ದಿ, ಉಣ್ಣೆ ಸಾಯಲೆಂದು ನಾಯಿಯ ಮೈಗೆ ಒರೆಸಿದ್ದರು. ಮಗು ನಾಯಿಯನ್ನು ತಬ್ಬಿಕೊಂಡು ಆಡಿ, ಅದೇ ಕೈಯಿಂದ ರೊಟ್ಟಿ ತಿಂದಿತ್ತು. ಕೂಡಲೇ ಅಟ್ರೋಪಿನ್ ಚುಚ್ಚುಮದ್ದು ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಮಗು ಉಳಿಯಿತು. ನಾಯಿ ಮಧ್ಯಾಹ್ನವೇ ಸತ್ತಿತ್ತು.

ಆ ತಂದೆ ಅವಿವೇಕಿಯಲ್ಲ. ಸರಿಯಾದ ಮಾರ್ಗವನ್ನು ಅವರಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಆದುದರಿಂದ ಅಂದಿನಿಂದ ಈ ಮಾತನ್ನು ಪ್ರತಿಯೊಂದು ಊರಿನಲ್ಲಿಯೂ ಹೇಳುತ್ತ ಬಂದಿದ್ದೇನೆ.

ಶತ್ರುವಿನ ಪರಿಚಯ

ಮಲೆನಾಡಿನಲ್ಲಿ ಉಣುಗು ಎನ್ನುವ ಉಣ್ಣೆಯು ನಾಯಿಯ ಚರ್ಮಕ್ಕೆ ಕಚ್ಚಿಕೊಂಡು ದಿನಗಟ್ಟಲೆ ರಕ್ತ ಹೀರುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆಯು ಹರಳು ಬೀಜದಂತೆ ಉಬ್ಬಿ ಕೆಳಗೆ ಬೀಳುತ್ತದೆ. ಗೋಡೆಯ ಬಿರುಕು, ಹಲಗೆಯ ಸಂದುಗಳಲ್ಲಿ ಸೇರಿ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಮೊಟ್ಟೆಯೊಡೆದ ಮರಿಗೆ ಆರು ಕಾಲು, ಬೆಳೆದ ಮೇಲೆ ಎಂಟು ಕಾಲು. ಆಹಾರವಿಲ್ಲದೆಯೂ ಅದು ತಿಂಗಳುಗಟ್ಟಲೆ ಕಾದುಕೊಂಡಿರಬಲ್ಲದು.

ಚಿಗಟದ ರೀತಿ ಬೇರೆ. ಅದು ನಾಯಿಯ ಕೂದಲಿನಲ್ಲಿ ಓಡಾಡುತ್ತ ಮೊಟ್ಟೆಯಿಡುತ್ತದೆ. ಮೊಟ್ಟೆಗಳು ಉದುರಿ, ನಾಯಿ ಮಲಗುವ ಗೋಣಿಚೀಲದಲ್ಲಿಯೂ ನೆಲದ ಧೂಳಿನಲ್ಲಿಯೂ ಹುಳುವಾಗಿ, ಗೂಡು ಕಟ್ಟಿ, ಮತ್ತೆ ಚಿಗಟವಾಗುತ್ತವೆ. ಹೀಗೆ ನಾಯಿಯ ಮೈಮೇಲೆ ಕಾಣುವುದು ಅಲ್ಪಭಾಗ ಮಾತ್ರ. ಉಳಿದುದೆಲ್ಲ ನಮ್ಮ ಮನೆಯಲ್ಲಿಯೇ ಇರುತ್ತದೆ. ನಾಯಿಗೆ ಮಾತ್ರ ಔಷಧಿ ಹಚ್ಚಿ ಮನೆಯನ್ನು ಬಿಟ್ಟರೆ ತೊಂದರೆ ಮರುಕಳಿಸುವುದು ಇದರಿಂದಲೇ.

ಚಿಗಟವಿದೆಯೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯಿದೆ. ನಾಯಿಯ ಬೆನ್ನನ್ನು ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆಯಾದ ಬಿಳಿ ಬಟ್ಟೆಯ ಮೇಲಿಡಿ. ಅದು ಕೆಂಪಗೆ ಹರಡಿದರೆ ಚಿಗಟದ ಹಿಕ್ಕೆಯೆಂದು ತಿಳಿಯಿರಿ. ಆ ಕೆಂಪು, ನಾಯಿಯ ರಕ್ತವೇ.

ಆಗುವ ಹಾನಿ

ಎಳೆಯ ಮರಿಗಳು ರಕ್ತಹೀನತೆಯಿಂದ ಸಾಯಬಹುದು. ಉಣ್ಣೆಯು ಹರಡುವ ಜ್ವರ ಬಂದ ನಾಯಿ ಅನ್ನ ಬಿಡುತ್ತದೆ, ಒಸಡು ಬಿಳಿಚುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಇವುಗಳಲ್ಲಿ ಯಾವುದನ್ನು ಕಂಡರೂ ಪಶುವೈದ್ಯರ ಬಳಿಗೆ ಒಯ್ಯತಕ್ಕದ್ದು.

ಮನುಷ್ಯರಿಗೂ ಅಪಾಯ ತಪ್ಪಿದ್ದಲ್ಲ. ನಾಯಿಯ ಉಣ್ಣೆ ಕಚ್ಚಿದರೆ ಜ್ವರ, ತಲೆನೋವು, ಅಂಗೈ ಅಂಗಾಲುಗಳವರೆಗೂ ಹರಡುವ ಕೆಂಪು ಗುಳ್ಳೆಗಳುಳ್ಳ ಒಂದು ಬಗೆಯ ಟೈಫಸ್ ಜ್ವರ ಬರಬಹುದು. ಸಕಾಲದಲ್ಲಿ ಬಂದರೆ ಇದಕ್ಕೆ ಒಳ್ಳೆಯ ಔಷಧಿಯಿದೆ. ನಾಯಿಯೊಡನೆ ಆಡುವ ಮಗು ಆಕಸ್ಮಿಕವಾಗಿ ಚಿಗಟವನ್ನು ನುಂಗಿದರೆ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯಬಹುದು. ಮಗುವಿನ ಮಲದಲ್ಲಿ ಸೌತೆಬೀಜದಂತಹ ತುಣುಕುಗಳು ಕಂಡರೆ ನಮಗೆ ತಿಳಿಸಿರಿ.

ಮಲೆನಾಡಿನ ಬಂಧುಗಳಿಗೆ ಇನ್ನೊಂದು ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯನ್ನು ಹರಡುವುದು ಕಾಡಿನ ಉಣ್ಣೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಹಾವಳಿ ಹೆಚ್ಚು. ಕಾಡಿಗೆ ಹೋಗಿಬರುವ ದನ, ನಾಯಿಗಳ ಮೈಗೂ ಕಾಡಿನ ಉಣ್ಣೆಗಳು ಹತ್ತಬಹುದು. ಆದುದರಿಂದ ಈ ತಿಂಗಳುಗಳಲ್ಲಿ ನಾಯಿಯನ್ನು ಕಾಡಿಗೆ ಬಿಡದಿರುವುದು ಲೇಸು. ಸೌದೆ, ದರಗು ತರಲು ಹೋಗುವವರು ಮೈತುಂಬ ಬಟ್ಟೆ ಧರಿಸಿ, ಉಣ್ಣೆ ನಿವಾರಕ ತೈಲವನ್ನು ಆರೋಗ್ಯ ಕಾರ್ಯಕರ್ತರಿಂದ ಕೇಳಿ ಪಡೆದು ಹಚ್ಚಿಕೊಳ್ಳಿರಿ; ಹಿಂದಿರುಗಿದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿರಿ. ಸತ್ತ ಮಂಗವನ್ನು ಕಂಡರೆ ಮುಟ್ಟದೆ ನಮಗೆ ತಿಳಿಸಿರಿ.

ನೀವು ಮಾಡಬೇಕಾದುದೇನು?

1. ವಾರಕ್ಕೆರಡು ಬಾರಿಯಾದರೂ ನಾಯಿಯನ್ನು ಪರೀಕ್ಷಿಸಿರಿ. ಇದು ಇಬ್ಬರ ಕೆಲಸ. ಒಬ್ಬರು ಹಿಡಿದುಕೊಂಡರೆ ಇನ್ನೊಬ್ಬರು ನೋಡಬೇಕು. ಕಿವಿಯ ಒಳಗೆ, ಕೊರಳಪಟ್ಟಿಯ ಕೆಳಗೆ, ಕಂಕುಳಲ್ಲಿ, ಕಾಲ್ಬೆರಳುಗಳ ಸಂದಿಯಲ್ಲಿ ಹುಡುಕಿರಿ.

2. ಉಣ್ಣೆಯನ್ನು ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು, ತಿರುಚದೆ, ನೇರವಾಗಿ ಮೆಲ್ಲನೆ ಎಳೆಯಿರಿ. ಬೀಡಿಯ ಕಿಡಿ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು ಸಲ್ಲದು. ಉಗುರಿನಿಂದ ಹಿಸುಕಬೇಡಿರಿ, ಅದರೊಳಗಿನ ರೋಗಾಣುಗಳು ಕೈಯ ಗಾಯದ ಮೂಲಕ ಒಳಸೇರಬಹುದು. ಸ್ಪಿರಿಟ್ ಇರುವ ಸೀಸೆಗೆ ಹಾಕಿ ಮುಚ್ಚಳ ಬಿಗಿಯಿರಿ. ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಮನುಷ್ಯರಿಗೆ ಕಚ್ಚಿದ ಉಣ್ಣೆಯನ್ನು ತೆಗೆಯುವ ಕ್ರಮವೂ ಇದೇ. ಬೇಗ ತೆಗೆದಷ್ಟೂ ಅಪಾಯ ಕಡಿಮೆ.

3. ನಾಯಿ ಮಲಗುವ ಗೋಣಿಚೀಲವನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ತೆಗೆದು ಬಿಸಿಲಿನಲ್ಲಿ ಒಣಗಿಸಿರಿ. ಆ ಜಾಗವನ್ನು ಚೆನ್ನಾಗಿ ಗುಡಿಸಿ, ಕಸವನ್ನು ಮನೆಯಿಂದ ದೂರ ಹೂಳಿರಿ.

4. ಗೋಡೆ, ನೆಲಗಳ ಬಿರುಕುಗಳನ್ನು ಮಣ್ಣು, ಸುಣ್ಣ ಅಥವಾ ಸಿಮೆಂಟಿನಿಂದ ಮುಚ್ಚಿರಿ. ಕೊಟ್ಟಿಗೆಯನ್ನು ಮರೆಯಬೇಡಿರಿ.

5. ಔಷಧಿಯನ್ನು ಪಶುವೈದ್ಯರ ಸಲಹೆಯಂತೆಯೇ ಬಳಸಿರಿ. ಮಾತ್ರೆ, ಬೆನ್ನಿಗೆ ಹಾಕುವ ಹನಿ, ಸ್ನಾನದ ದ್ರಾವಣ ಎಂದು ಹಲವು ಬಗೆಗಳಿವೆ. ನಾಯಿಯ ತೂಕಕ್ಕೆ ತಕ್ಕಂತೆ ಪ್ರಮಾಣ ಬದಲಾಗುತ್ತದೆ. ಎಳೆಯ ಮರಿಗಳಿಗೂ ಗಬ್ಬದ ನಾಯಿಗೂ ಬೇರೆ ಕ್ರಮವಿರುವುದರಿಂದ ಮುಂಚಿತವಾಗಿ ತಿಳಿಸಬೇಕು. ಮನೆಯಲ್ಲಿ ಎರಡು ಮೂರು ನಾಯಿಗಳಿದ್ದರೆ ಎಲ್ಲಕ್ಕೂ ಒಂದೇ ದಿನ ಔಷಧಿಯಾಗಲಿ. ನಾಯಿಯ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿರಿ; ಪರ್ಮೆತ್ರಿನ್ ಇರುವ ಔಷಧಿ ಬೆಕ್ಕಿನ ಪ್ರಾಣವನ್ನೇ ತೆಗೆಯುತ್ತದೆ. ಗರ್ಭಿಣಿಯರು ಈ ದ್ರಾವಣಗಳನ್ನು ಕಲಸುವುದೂ ಹಚ್ಚುವುದೂ ಬೇಡ. ಆ ದಿನ ಆ ಕೆಲಸವನ್ನು ಗಂಡಂದಿರು ವಹಿಸಿಕೊಳ್ಳಲಿ. ಹಚ್ಚಿದ ಔಷಧಿ ಪೂರ್ತಿ ಒಣಗುವವರೆಗೆ ಮಕ್ಕಳನ್ನು ನಾಯಿಯ ಹತ್ತಿರ ಬಿಡಬೇಡಿರಿ.

6. ಹೊಲದ ಕೀಟನಾಶಕವನ್ನು ಯಾವ ಕಾರಣಕ್ಕೂ ನಾಯಿಯ ಮೈಗೆ ಹಚ್ಚಬೇಡಿರಿ. ಮಕ್ಕಳ ತಲೆಯ ಹೇನಿಗೂ ಅದನ್ನು ಬಳಸಬೇಡಿರಿ. ತಪ್ಪಿ ಮೈಗೆ ತಗುಲಿದರೆ ಬಟ್ಟೆ ಕಳಚಿ, ಸೋಪು ನೀರಿನಿಂದ ಮೈ ತೊಳೆದು, 108 ವಾಹನವನ್ನು ಕರೆಯಿರಿ. ಔಷಧಿಯ ಡಬ್ಬಿಯನ್ನೂ ಜೊತೆಗೆ ತನ್ನಿರಿ.

ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ, ಇತ್ತೀಚೆಗೆ ಉಣ್ಣೆ ಕಚ್ಚಿದ್ದರೆ ಅಥವಾ ಕಾಡಿಗೆ ಹೋಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿರಿ. ಆ ಒಂದು ಮಾತಿನಿಂದ ಸರಿಯಾದ ಚಿಕಿತ್ಸೆ ಬೇಗ ದೊರೆಯುತ್ತದೆ. ಪಶುವೈದ್ಯರ ಬಳಿಗೆ ಹೋದಾಗ ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಿಕೊಂಡು ಬನ್ನಿರಿ.

ಉಗುರಿನಿಂದ ಹೋಗುವುದಕ್ಕೆ ಕೊಡಲಿಯೇಕೆ ಎಂದು ಹಿರಿಯರು ಕೇಳುತ್ತಿದ್ದರು. ಒಂದು ಚಿಮಟ, ಒಂದು ಹಂಡೆ ಕುದಿಯುವ ನೀರು, ವಾರಕ್ಕೆ ಅರ್ಧ ಗಂಟೆಯ ಕೆಲಸ ಇವಿಷ್ಟರಿಂದಲೇ ಬಹುಪಾಲು ಅಪಾಯವನ್ನು ಹೊಸ್ತಿಲಾಚೆಗೆ ತಡೆಯಬಹುದು. ರಾತ್ರಿಯೆಲ್ಲ ನಿಮ್ಮ ಮನೆ ಕಾಯುವ ಪ್ರಾಣಿಗೆ ನೀವು ಸಲ್ಲಿಸಬಹುದಾದ ಸೇವೆಯಿದು; ಅದನ್ನು ತಬ್ಬಿಕೊಂಡು ಆಡುವ ನಿಮ್ಮ ಮಕ್ಕಳಿಗೂ ಇದೇ ರಕ್ಷಣೆ. ಇಂದು ಸಂಜೆ ಮನೆಗೆ ಹೋದೊಡನೆ, ದೀಪದ ಬೆಳಕಿನಲ್ಲಿ ದಂಪತಿಗಳಿಬ್ಬರೂ ಕುಳಿತು ನಿಮ್ಮ ನಾಯಿಯ ಕಿವಿಯನ್ನು ಒಮ್ಮೆ ಬಿಡಿಸಿ ನೋಡಿರಿ ಎಂದು ಪ್ರಾರ್ಥಿಸಿ ನನ್ನ ಮಾತನ್ನು ಮುಗಿಸುತ್ತೇನೆ.